ಕ್ಯೂಸೆಕ್ಕಿನಿಂದ ಗಲ್ಲಿಗೆ: ಗೋಕಾಕದ 2019ರ ಮಹಾಪೂರ ಮತ್ತು ನಗರಸಭೆಯ ಪಾಲಿನ ಕೆಲಸ

ಬೆಳಗಾವಿ ಜಿಲ್ಲೆಯ ಗೋಕಾಕದಲ್ಲಿ ಎಷ್ಟು ಮಳೆ ಬಿತ್ತು ಅನ್ನುವುದಕ್ಕೂ ಗೋಕಾಕ ಮುಳುಗುವುದಕ್ಕೂ ಅಷ್ಟೇನೂ ಸಂಬಂಧವಿಲ್ಲ. ಊರಲ್ಲಿ ಬರೀ ತುಂತುರು ಇದ್ದ ದಿನವೂ ಘಟಪ್ರಭೆ ದನಗಳ ಪೇಟೆ, ಕುಂಬಾರ ಗಲ್ಲಿ, ಮಟನ್ ಮಾರ್ಕೆಟ್ ಕಡೆ ನುಗ್ಗಬಲ್ಲಳು. ಆ ನೀರು ಬೀಳುವುದು ಚಂದಗಡ, ಅಂಬೋಲಿ, ಖಾನಾಪುರದ ಘಟ್ಟದ ಅಂಚಿನಲ್ಲಿ. ಹೀಗಾಗಿ ಮಳೆಮಾಪನದ ಅಂಕಿ ಇಟ್ಟುಕೊಂಡು ಬರೆದ ತುರ್ತು ಯೋಜನೆ ಈ ಊರಿಗೆ ಕೆಲಸಕ್ಕೆ ಬರುವುದಿಲ್ಲ. ಮೇಲೆ ಎಷ್ಟು ಕ್ಯೂಸೆಕ್ (ಸೆಕೆಂಡಿಗೆ ಒಂದು ಘನ ಅಡಿ ನೀರು) ಬಿಟ್ಟರೆ ಕೆಳಗೆ ಯಾವ ಗಲ್ಲಿಗೆ ಎಷ್ಟು ಹೊತ್ತಿಗೆ ನೀರು ಎಂಬ ಒಂದು ಪಟ್ಟಿ ಪೌರಾಯುಕ್ತರ ಮೇಜಿನ ಮೇಲೆ ಇರಬೇಕು. ಈ ಪ್ರಕರಣದ ಸಾರ ಇಷ್ಟೇ. ಅದು ಇಲ್ಲದಿದ್ದರೆ ಏನೇನು ಸರಪಳಿಯಾಗಿ ಕೆಡುತ್ತದೆ, ಇದ್ದರೆ ಯಾವುದು ಉಳಿಯುತ್ತದೆ ಎಂಬುದನ್ನು 2019ರ ಆಗಸ್ಟ್ ಸಂದರ್ಭ ಇಟ್ಟುಕೊಂಡು ನೋಡಬಹುದು.

ಮೂರು ಕಡೆಯ ನೀರು

ಎಲ್ಲರ ಬಾಯಲ್ಲೂ ಇರುವುದು ಹಿಡಕಲ್. ಹುಕ್ಕೇರಿ ತಾಲ್ಲೂಕಿನ ರಾಜಾ ಲಖಮಗೌಡ ಜಲಾಶಯ, ಗರಿಷ್ಠ ಮಟ್ಟ 2,175 ಅಡಿ, ಸಾಮರ್ಥ್ಯ 51 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಟಿವಿಯಲ್ಲಿ ಬರುವುದೂ ಹಿಡಕಲ್ ಹೊರಹರಿವೇ. ಆದರೆ ಅಂಬೋಲಿ ಕಡೆಯಿಂದ ಇಳಿದು ಸಂಕೇಶ್ವರ ದಾಟಿ ಬರುವ ಹಿರಣ್ಯಕೇಶಿ ಘಟಪ್ರಭೆಯನ್ನು ಸೇರುವುದು ಹಿಡಕಲ್ಲಿನ ಕೆಳಗೆ. ಅದರ ನೀರು ಹಿಡಕಲ್ ಗೇಟಿನ ಲೆಕ್ಕಕ್ಕೆ ಬರುವುದೇ ಇಲ್ಲ. ಮುಂದೆ ಧೂಪದಾಳ ಒಡ್ಡು, ಆಮೇಲೆ ಜಲಪಾತ, ಆಮೇಲೆ ಊರು. ಇಷ್ಟರಲ್ಲಿ ಬೆಳಗಾವಿ ಕಡೆಯಿಂದ ಬರುವ ಮಾರ್ಕಂಡೇಯವೂ ಗೋಕಾಕದ ಹತ್ತಿರ ಬಂದು ಕೂಡಿಕೊಳ್ಳುತ್ತದೆ. ಮಾರ್ಕಂಡೇಯಕ್ಕೆ ಶಿರೂರಿನಲ್ಲಿ ಬೇರೆಯದೇ ಅಣೆಕಟ್ಟೆ ಇದೆ. ಅದು ಚಿಕ್ಕದು, ಬೇಗ ತುಂಬುತ್ತದೆ, ತುಂಬಿದ ಮೇಲೆ ಬಂದದ್ದನ್ನೆಲ್ಲ ಬಿಡುತ್ತದೆ.

ಆದ್ದರಿಂದ ಗೋಕಾಕದ ಲೆಕ್ಕ ಎಂದರೆ ಧೂಪದಾಳದ ಹರಿವು ಮತ್ತು ಮಾರ್ಕಂಡೇಯದ ಹರಿವು, ಎರಡರ ಮೊತ್ತ. ‘ಹಿಡಕಲ್‌ನಿಂದ 40 ಸಾವಿರ ಅಷ್ಟೇ, ಹೋದ ವರ್ಷವೂ ಅಷ್ಟೇ ಇತ್ತು, ಏನೂ ಆಗಲಿಲ್ಲ’ ಎಂಬ ಮಾತು ಅಪಾಯದ ಮಾತು. ಹೋದ ವರ್ಷ ಹಿರಣ್ಯಕೇಶಿ ಸುಮ್ಮನಿದ್ದಿರಬಹುದು.

ಗೇಟು ಎತ್ತುವ ಸೂಚನೆ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಒಂದು ದಿನ ಪೂರ್ತಿ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ಜಲಾಶಯದಲ್ಲಿ 35 ಟಿಎಂಸಿ ಇದೆ, 16 ಟಿಎಂಸಿ ಜಾಗ ಖಾಲಿ ಇದೆ ಅಂದುಕೊಳ್ಳಿ. ಒಳಹರಿವು 80 ಸಾವಿರ, ಹೊರಹರಿವು 10 ಸಾವಿರ ಇದ್ದರೆ ದಿನಕ್ಕೆ ಉಳಿಯುವುದು 70 ಸಾವಿರ ಕ್ಯೂಸೆಕ್, ಅಂದರೆ ಆರು ಟಿಎಂಸಿ. ಎರಡೂಮುಕ್ಕಾಲು ದಿನದೊಳಗೆ ಜಾಗ ಮುಗಿಯಿತು. ಆಮೇಲೆ ಒಳಗೆ ಬಂದಷ್ಟೂ ಹೊರಗೆ. ಜಲಾಶಯದ ಮಟ್ಟ, ಒಳಹರಿವು, ಹೊರಹರಿವು ಪ್ರತಿದಿನ ಪ್ರಕಟವಾಗುವ ಅಂಕಿಗಳೇ. ನಗರಸಭೆಯ ಕಿರಿಯ ಎಂಜಿನಿಯರ್ ಕ್ಯಾಲ್ಕುಲೇಟರ್ ಹಿಡಿದು ಐದು ನಿಮಿಷದಲ್ಲಿ ಮಾಡುವ ಲೆಕ್ಕ ಇದು. ಎರಡು ದಿನ ಮುಂಚೆ ಗೊತ್ತಾಗುವುದನ್ನು ಎರಡು ಗಂಟೆ ಮುಂಚೆ ತಿಳಿದುಕೊಳ್ಳುವುದರಲ್ಲಿ ಅರ್ಥವಿಲ್ಲ.

ನೀರು ಬಿಟ್ಟ ಮೇಲೆ ಊರಿಗೆ ಎಷ್ಟು ಹೊತ್ತು? ತುಂಬಿದ ಹೊಳೆ ಸಾಮಾನ್ಯವಾಗಿ ಸೆಕೆಂಡಿಗೆ ಒಂದೂವರೆಯಿಂದ ಎರಡೂವರೆ ಮೀಟರ್ ಹರಿಯುತ್ತದೆ, ಗಂಟೆಗೆ ಐದರಿಂದ ಒಂಬತ್ತು ಕಿ.ಮೀ. ನದಿಯ ಹಾದಿ ನಲವತ್ತು ಕಿ.ಮೀ. ಅಂತ ಹಿಡಿದರೆ ನಾಲ್ಕೂವರೆಯಿಂದ ಎಂಟು ಗಂಟೆ. ಇದು ಅಂದಾಜು. ಖರೆ ಅಂಕಿ ಬೇಕೆಂದರೆ ಸಣ್ಣ ಬಿಡುಗಡೆಗಳ ದಿನಗಳಲ್ಲೇ ಗೇಟಿನ ಹೊತ್ತು ಒಂದು ಕಡೆ, ಊರ ಬಳಿ ಘಟಪ್ರಭೆಯ ಮೇಲಿರುವ ಲೋಳಸೂರ ಸೇತುವೆಯ ಕಂಬದ ಮೇಲಿನ ಮಟ್ಟ ಇನ್ನೊಂದು ಕಡೆ ಬರೆದುಕೊಳ್ಳುತ್ತ ಹೋಗಬೇಕು. ಒಂದು ಮಳೆಗಾಲ ಬರೆದರೆ ಊರಿನದೇ ಕೋಷ್ಟಕ ಸಿದ್ಧ.

ಆ ಆಗಸ್ಟಿನಲ್ಲಿ ಕುರ್ಚಿಗಳು ಖಾಲಿ

2019ರ ಬೇಸಿಗೆ ಕೃಷ್ಣಾ ತೀರಕ್ಕೆ ಬರಗಾಲ. ಹೊಳೆ ಒಣಗಿ, ಕುಡಿಯುವ ನೀರಿಗೆ ಕೊಯ್ನಾದಿಂದ ಬಿಡಿ ಎಂದು ಮಹಾರಾಷ್ಟ್ರವನ್ನು ಕೇಳಬೇಕಾದ ಸ್ಥಿತಿ. ಆಡಳಿತವೆಲ್ಲ ಟ್ಯಾಂಕರ್, ಮೇವು ಬ್ಯಾಂಕ್ ಲೆಕ್ಕದಲ್ಲಿ ಮುಳುಗಿತ್ತು. ಬರಗಾಲದ ವರ್ಷ ಜಲಾಶಯ ತುಂಬಿಸಿಕೊಳ್ಳುವ ಆಸೆ ಸಹಜ, ಮುಂಚಿತವಾಗಿ ನೀರು ಬಿಟ್ಟು ಜಾಗ ಮಾಡಿಕೊಳ್ಳಲು ಯಾರಿಗೂ ಕೈ ಬರುವುದಿಲ್ಲ. ನಂತರ ಮಳೆ ನಿಂತರೆ ‘ನೀರು ಪೋಲು ಮಾಡಿದರು’ ಅನ್ನಿಸಿಕೊಳ್ಳಬೇಕು. ಜುಲೈ ಕೊನೆಯಿಂದ ಆಗಸ್ಟ್ ಮೊದಲ ಹತ್ತು ದಿನಗಳಲ್ಲಿ ಘಟ್ಟದಲ್ಲಿ ಸುರಿದ ಮಳೆ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರನ್ನೂ ಒಟ್ಟಿಗೆ ಏರಿಸಿತು. ಯಮಗರ್ಣಿ ಬಳಿ ವೇದಗಂಗೆಯ ನೀರು ನಿಂತು ಪುಣೆ–ಬೆಂಗಳೂರು ಹೆದ್ದಾರಿಯೇ ಬಂದ್ ಆಯಿತು. ಸಹಾಯ ಬರಬೇಕಾದ ದಾರಿಗಳು ಸಹಾಯ ಬೇಕಾದ ಹೊತ್ತಿಗೇ ಕಡಿದುಹೋದವು.

ರಾಜಕೀಯದ ಕಡೆ ನೋಡಿದರೆ ಇನ್ನೂ ವಿಚಿತ್ರ. ಜುಲೈ 26ಕ್ಕೆ ಹೊಸ ಮುಖ್ಯಮಂತ್ರಿ ಪ್ರಮಾಣವಚನ ತೆಗೆದುಕೊಂಡಿದ್ದರು, ಸಂಪುಟ ರಚನೆಯಾದದ್ದು ಆಗಸ್ಟ್ 20ಕ್ಕೆ. ಮಹಾಪೂರ ಬಂದು ಹೋಗುವವರೆಗೆ ಜಿಲ್ಲೆಗೆ ಉಸ್ತುವಾರಿ ಸಚಿವರಿಲ್ಲ. ಗೋಕಾಕದ ಶಾಸಕರು ಜುಲೈ 25ರಂದು ಅನರ್ಹಗೊಂಡಿದ್ದರು, ಕ್ಷೇತ್ರ ಖಾಲಿ. 2018ರ ಆಗಸ್ಟಿನಲ್ಲಿ ರಾಜ್ಯದ ನೂರಕ್ಕೂ ಹೆಚ್ಚು ನಗರ ಸಂಸ್ಥೆಗಳಿಗೆ ಚುನಾವಣೆ ನಡೆದಿತ್ತು, ಆದರೆ ಅಧ್ಯಕ್ಷ–ಉಪಾಧ್ಯಕ್ಷ ಮೀಸಲಾತಿಯ ತಕರಾರು ಕೋರ್ಟು ಹತ್ತಿ, ಗೆದ್ದ ಸದಸ್ಯರು 2020ರ ಕೊನೆಯವರೆಗೆ ಅಧಿಕಾರವಿಲ್ಲದೆ ಕೂತರು. ಹೀಗಾಗಿ ಇದು ಬಹುತೇಕ ಅಧಿಕಾರಿಗಳೇ ನಿಭಾಯಿಸಿದ ಆಪತ್ತು. ಸದಸ್ಯರಿಲ್ಲದಿದ್ದರೆ ಫೋನು ಕಡಿಮೆ, ಶಿಫಾರಸು ಕಡಿಮೆ ಎಂದು ಅಧಿಕಾರಿಗಳಿಗೆ ಒಳಗೊಳಗೇ ಸಮಾಧಾನ ಆಗುವುದುಂಟು. ಆದರೆ ಬೆಳಗಿನ ಮೂರಕ್ಕೆ ಒಂದು ಓಣಿಯ ಮಂದಿಯನ್ನು ಎಬ್ಬಿಸಿ ಹೊರಗೆ ತರಬಲ್ಲವರು ವಾರ್ಡಿನ ಸದಸ್ಯರೇ. ಅವರ ಮಾತಿಗೆ ಬೈದುಕೊಂಡಾದರೂ ಜನ ಏಳುತ್ತಾರೆ.

ಇನ್ನೊಂದು ಸಂಗತಿ ಯಾವ ಯೋಜನೆಯಲ್ಲೂ ಬರೆದಿರುವುದಿಲ್ಲ: ಆ ವರ್ಷ ನಾಗರ ಪಂಚಮಿ ಬಂದದ್ದು ಆಗಸ್ಟ್ 5ಕ್ಕೆ. ಉತ್ತರ ಕರ್ನಾಟಕದಲ್ಲಿ ಪಂಚಮಿ ಅಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ರೇಷನ್ ಕಾರ್ಡಿನಲ್ಲಿ ಐದು ಹೆಸರಿರುವ ಮನೆಯಲ್ಲಿ ಆ ವಾರ ಒಂಬತ್ತು ಜನ, ಅದರಲ್ಲಿ ಮೂವರು ಚಿಕ್ಕ ಮಕ್ಕಳು, ಒಬ್ಬಳು ಬಾಣಂತಿ. ಕಾರ್ಡಿನ ಅಂಕಿ ನಂಬಿ ಹಾಲು, ಚಾದರ, ಊಟ ತಂದರೆ ಮೊದಲ ರಾತ್ರಿಯೇ ಸಾಲುವುದಿಲ್ಲ. ಶ್ರಾವಣದಲ್ಲಿ ನೆರೆ ಬರುವ ಊರುಗಳು ಮನೆಮಂದಿಯ ಎಣಿಕೆಗೆ ಅರ್ಧದಷ್ಟು ಹೆಚ್ಚು ಸೇರಿಸಿಕೊಳ್ಳುವುದು ಒಳ್ಳೆಯದು. ಟಿವಿಗಳಂತೂ ಅದೇ ಐದನೇ ತಾರೀಖಿನಿಂದ 370ನೇ ವಿಧಿ ರದ್ದತಿಯ ಸುದ್ದಿ ಹಿಡಿದು ಕಾಶ್ಮೀರದಲ್ಲಿದ್ದವು.

ಕಾನೂನು ಯಾರಿಗೆ ಏನು ಹೇಳುತ್ತದೆ

ವಿಪತ್ತು ನಿರ್ವಹಣಾ ಕಾಯ್ದೆ 2005ರ ಪ್ರಕಾರ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿ. ಜನರನ್ನು ತೆರವು ಮಾಡಿಸುವ, ವಾಹನ–ಕಟ್ಟಡ ವಶಕ್ಕೆ ಪಡೆಯುವ ಬಲ ಅಲ್ಲಿಂದ ಬರುತ್ತದೆ. ತಾಲ್ಲೂಕಿನಲ್ಲಿ ತಹಶೀಲ್ದಾರರು ಮುಂದೆ ನಿಲ್ಲುತ್ತಾರೆ. ಕಲಂ 32 ಸ್ಥಳೀಯ ಸಂಸ್ಥೆಯೂ ತನ್ನದೇ ಯೋಜನೆ ಮಾಡಿಟ್ಟುಕೊಳ್ಳಬೇಕು ಎನ್ನುತ್ತದೆ. ಕಲಂ 41 ಸಿಬ್ಬಂದಿಗೆ ತರಬೇತಿ, ಸಾಮಾನು ಸಜ್ಜು, ಪರಿಹಾರ ಮತ್ತು ಪುನರ್ವಸತಿ ಕೆಲಸವನ್ನು ಸಂಸ್ಥೆಯ ಹೆಗಲಿಗೆ ಹಾಕುತ್ತದೆ. ಟೆಂಡರ್ ಇಲ್ಲದೆ ತುರ್ತು ಖರೀದಿಗೆ ಕಲಂ 50 ಇದೆ.

ಓದಲಿಕ್ಕೆ ಸ್ಪಷ್ಟವಾಗಿದೆ, ಗೊಂದಲ ಹುಟ್ಟುವುದು ನಡುವಿನ ಗೆರೆಯಲ್ಲಿ. ಕಂದಾಯ ಇಲಾಖೆ ಆದೇಶ ಕೊಡುತ್ತದೆ, ನಗರಸಭೆ ಕೈಕಾಲು ಕೊಡುತ್ತದೆ. ಆದೇಶ ಬರುವವರೆಗೆ ಕೈಕಾಲು ಆಡಿಸಬಾರದೇ? ಕಸದ ಗಾಡಿಯಲ್ಲಿ ಮೈಕು ಹಾಕಿ ಎಚ್ಚರಿಸಲು, ಶಾಲೆಯ ಕೀಲಿ ತರಿಸಿಡಲು, ಗಟಾರದ ಬಾಯಿ ಬಿಡಿಸಲು, ಜನರೇಟರ್‌ಗೆ ಡೀಸೆಲ್ ತುಂಬಿಸಲು ಯಾರ ಆದೇಶವೂ ಬೇಕಾಗಿಲ್ಲ. ಒತ್ತಾಯದ ತೆರವಿಗೆ ಮಾತ್ರ ಬೇಕು. ಈ ಎರಡರ ಪಟ್ಟಿ ಬೇರೆ ಬೇರೆ ಮಾಡಿ ಮೇ ತಿಂಗಳಲ್ಲೇ ತಹಶೀಲ್ದಾರರ ಸಹಿ ಪಡೆದಿಟ್ಟರೆ ರಾತ್ರಿ ಯಾರೂ ಯಾರ ಫೋನಿಗೂ ಕಾಯುವುದಿಲ್ಲ.

ಗಲ್ಲಿ ಪಟ್ಟಿ ಹೇಗಿರಬೇಕು

2019ರ ನೀರು ಗೋಡೆಗಳ ಮೇಲೆ ರಾಡಿಯ ಗೆರೆ ಬಿಟ್ಟುಹೋಯಿತು. ಸುಣ್ಣ ಬಳಿಯುವ ಮುಂಚೆ ಆ ಗೆರೆಗಳನ್ನು ಲೆವೆಲ್ ಯಂತ್ರ ಹಿಡಿದು ಸೇತುವೆಯ ಕಂಬದ ಮಟ್ಟಕ್ಕೆ ಹೊಂದಿಸಿಕೊಂಡರೆ ಊರಿನ ನೆರೆ ನಕ್ಷೆ ಅದೇ. ಇಬ್ಬರು ಸಿಬ್ಬಂದಿ, ಒಂದು ಆಟೋ ಲೆವೆಲ್, ಒಂದು ವಾರದ ಕೆಲಸ. ದುಡ್ಡು ಕೊಟ್ಟು ಉಪಗ್ರಹ ನಕ್ಷೆ ತರಿಸಿದರೂ ಇಷ್ಟು ನಿಖರ ಆಗುವುದಿಲ್ಲ.

ಪಟ್ಟಿಯ ಒಂದು ಸಾಲು ಹೀಗೆ: ಕಂಬದ ಮಟ್ಟ ಇಷ್ಟಾದರೆ ಇಂಥ ಗಲ್ಲಿಯ ಕೆಳತುದಿಗೆ ನೀರು. ಅಲ್ಲಿ ಎಷ್ಟು ಮನೆ, ಮಾಳಿಗೆ ಇರುವವು ಎಷ್ಟು, ಮಣ್ಣಿನ ಗೋಡೆಯವು ಎಷ್ಟು. ಹಾಸಿಗೆ ಹಿಡಿದವರು, ಡಯಾಲಿಸಿಸ್‌ಗೆ ಹೋಗುವವರು, ದಿನ ತುಂಬಿದ ಗರ್ಭಿಣಿಯರು. ಕೊನೆಯ ಮಾಹಿತಿ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಇದ್ದೇ ಇರುತ್ತದೆ, ಯಾರೂ ಕೇಳಿರುವುದಿಲ್ಲ. ದನ–ಎಮ್ಮೆ ಎಷ್ಟು. ಬಾಗಿಲು ಬಡಿಯುವವರು ಯಾರು, ಅವರು ಸಿಗದಿದ್ದರೆ ಯಾರು. ಯಾವ ಶಾಲೆಗೆ, ಯಾವ ರಸ್ತೆಯಿಂದ. ಶಿಂಗಳಾಪುರ ಸೇತುವೆಯಂಥ ತಗ್ಗು ಸೇತುವೆಗಳು ಮೊದಲೇ ಮುಳುಗುವುದರಿಂದ ಹೊಳೆ ದಾಟಿ ಹೋಗುವ ದಾರಿ ಬರೆಯಲೇಬಾರದು.

ಮೈಕಿನ ವಿಷಯ. ಪ್ರತಿದಿನ ಬೆಳಗ್ಗೆ ಹಾಡು ಹಾಕಿಕೊಂಡು ಬರುವ ಕಸದ ಆಟೊ ಟಿಪ್ಪರ್‌ಗೆ ಧ್ವನಿವರ್ಧಕ ಇರುತ್ತದೆ, ಗಲ್ಲಿ ಗಲ್ಲಿ ಗೊತ್ತಿರುವ ಚಾಲಕ ಇರುತ್ತಾನೆ. ಇದಕ್ಕಿಂತ ಒಳ್ಳೆಯ ಎಚ್ಚರಿಕೆ ವ್ಯವಸ್ಥೆ ಯಾವ ಊರಿಗೂ ಸಿಗಲಿಕ್ಕಿಲ್ಲ. ಒಂದೇ ಎಚ್ಚರ: ಹಾಡು ಬಂದ್ ಮಾಡಿ, ಮೊದಲೇ ಧ್ವನಿಮುದ್ರಿಸಿದ ಸಂದೇಶ ಹಾಕಬೇಕು. ದಿನದ ಹಾಡೇ ಕೇಳಿಸಿದರೆ ಜನ ಕಸದ ಬುಟ್ಟಿ ಹಿಡಿದು ಬರುತ್ತಾರೆ. ಸಂದೇಶದಲ್ಲಿ ‘ನದಿ ಪಾತ್ರದ ಜನರು ಸುರಕ್ಷಿತ ಸ್ಥಳಕ್ಕೆ ತೆರಳಬೇಕು’ ಎಂಬ ಸರಕಾರಿ ಸಾಲು ಯಾರಿಗೂ ತಾಗುವುದಿಲ್ಲ, ತಾನು ನದಿ ಪಾತ್ರದಲ್ಲಿದ್ದೇನೆ ಎಂದು ಯಾರೂ ಅಂದುಕೊಂಡಿರುವುದಿಲ್ಲ. ‘ಕುಂಬಾರ ಗಲ್ಲಿಯವರು, ರಾತ್ರಿ ಹತ್ತಕ್ಕೆ ನಿಮ್ಮ ಹೊಸ್ತಿಲಿಗೆ ನೀರು ಬರ್ತದ, ಏಳರೊಳಗೆ ದನ ಬಿಚ್ಚಿಕೊಂಡು ಇಂಥ ಸಾಲಿಗೆ ಬರ್ರಿ’ ಎಂದರೆ ತಾಗುತ್ತದೆ.

ಇಷ್ಟಾದರೂ ಜನ ಏಳುವುದಿಲ್ಲ, ಅದಕ್ಕೆ ಕಾರಣಗಳಿವೆ. ದನ ಬಿಟ್ಟು ಹೋಗಲು ಮನಸ್ಸಿಲ್ಲ. ಕಳ್ಳತನದ ಭಯ. ಹೋದ ಸಲ ಇಷ್ಟೇ ಅಂದಿದ್ದರು, ಬರಲಿಲ್ಲ. ಇವುಗಳಲ್ಲಿ ದನದ್ದು ಬಗೆಹರಿಸಿದರೆ ಅರ್ಧ ಗಲ್ಲಿ ಏಳುತ್ತದೆ. ದನಗಳ ಜಾಗ, ಮೇವು, ಕಾವಲು ಮೊದಲು ಸಿದ್ಧ ಮಾಡಿ, ಆಮೇಲೆ ಜನರ ಶಾಲೆ. ಕಳ್ಳತನಕ್ಕೆ ಪೊಲೀಸ್ ಗಸ್ತಿನ ಜೊತೆ ಅದೇ ಗಲ್ಲಿಯ ನಾಲ್ಕು ಹುಡುಗರನ್ನು ಎತ್ತರದ ಮಾಳಿಗೆಯ ಮೇಲೆ ಟಾರ್ಚ್ ಕೊಟ್ಟು ಕೂರಿಸಿದರೆ ಬಹಳ ಮಟ್ಟಿಗೆ ಸಾಕು.

ಬೋಟು ಎಲ್ಲಕ್ಕೂ ಕೊನೆ. ಬೋಟು ಬೇಕಾಯಿತು ಅಂದರೆ ಹೊತ್ತು ಮೀರಿತು ಅಂತಲೇ ಅರ್ಥ. ಗಲ್ಲಿಯಲ್ಲಿ ಸೆಳೆತ ಇರುತ್ತದೆ, ಕೆಳಗೆ ತೆರೆದ ಗಟಾರ, ಮೇಲೆ ತಂತಿ. ಮೊಣಕಾಲುದ್ದ ಹರಿಯುವ ನೀರಲ್ಲಿ ಗಟ್ಟಿಗನೂ ಜಾರುತ್ತಾನೆ, ಎರಡು ಅಡಿ ಹರಿಯುವ ನೀರು ಜೀಪನ್ನೂ ಎತ್ತಿ ಒಯ್ಯುತ್ತದೆ. ಎನ್‌ಡಿಆರ್‌ಎಫ್ (ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ) ತಂಡ ಬರುವ ಹೊತ್ತಿಗೆ ಅದೇ ವಾರ ಅದೇ ತಂಡವನ್ನು ಹತ್ತು ಊರು ಕೇಳುತ್ತಿರುತ್ತವೆ.

ವಿದ್ಯುತ್ ಮತ್ತು ಕುಡಿಯುವ ನೀರು

ವಿದ್ಯುತ್ ಕಂಪನಿ ಹೆಸ್ಕಾಂ ತನ್ನ ಫೀಡರ್ (ಊರಿಗೆ ವಿದ್ಯುತ್ ತರುವ ಮಾರ್ಗ) ಬಂದ್ ಮಾಡದಿದ್ದರೆ ಟ್ರಾನ್ಸ್‌ಫಾರ್ಮರ್ ನೀರಲ್ಲಿ ಮುಳುಗಿ ಜೀವ ಹೋಗುತ್ತವೆ. ಬಂದ್ ಮಾಡಿದರೆ ಅದೇ ಫೀಡರಿನ ಮೇಲಿರುವ ನೀರು ಸರಬರಾಜು ಪಂಪು, ಮೊಬೈಲ್ ಟವರ್, ಪೆಟ್ರೋಲ್ ಬಂಕ್ ಎಲ್ಲವೂ ನಿಲ್ಲುತ್ತವೆ. ಯಾವ ಗಲ್ಲಿ ಯಾವ ಟ್ರಾನ್ಸ್‌ಫಾರ್ಮರಿನ ಮೇಲೆ ಎಂಬುದನ್ನು ಗಲ್ಲಿ ಪಟ್ಟಿಯಲ್ಲಿ ಸೇರಿಸಿಕೊಂಡರೆ ಇಡೀ ಊರು ಕತ್ತಲಾಗದೆ ಮುಳುಗುವ ಗಲ್ಲಿಯಷ್ಟೇ ಕತ್ತಲಾಗುತ್ತದೆ. ಡೀಸೆಲ್ ಬಂಕಿನಲ್ಲಿ ಸಿಗುತ್ತದೆ ಎಂದು ನಂಬಿ ಕೂರಬಾರದು. ಹತ್ತು ಎಚ್‌ಪಿ ಡೀಸೆಲ್ ಪಂಪು ಗಂಟೆಗೆ ಎರಡು ಲೀಟರ್ ಕುಡಿಯುತ್ತದೆ. 200 ಲೀಟರಿನ ಎರಡು ಬ್ಯಾರಲ್ ಎತ್ತರದ ಜಾಗದಲ್ಲಿದ್ದರೆ ಎರಡು ಪಂಪು ನಾಲ್ಕು ದಿನ ಓಡುತ್ತವೆ.

ಹೊಳೆ ದಂಡೆಯ ಊರುಗಳಲ್ಲಿ ಮಹಾಪೂರದ ವಾರ ಕುಡಿಯುವ ನೀರು ಇರುವುದಿಲ್ಲ. ನೀರೆತ್ತುವ ಬಾವಿ, ಅಂದರೆ ಜಾಕ್‌ವೆಲ್, ಹೊಳೆಯಲ್ಲೇ ಇರುತ್ತದೆ, ಮೋಟಾರಿನ ಪ್ಯಾನೆಲ್ ಬೋರ್ಡು ಮೊದಲು ತೋಯುತ್ತದೆ. ಪ್ಯಾನೆಲ್ ಬಿಚ್ಚಿ ಎತ್ತರಕ್ಕೆ ಒಯ್ಯಲು ಇಬ್ಬರು ಎಲೆಕ್ಟ್ರಿಷಿಯನ್‌ಗಳಿಗೆ ಅರ್ಧ ದಿನ ಸಾಕು, ತೋಯ್ದ ಮೋಟಾರನ್ನು ರಿವೈಂಡಿಂಗ್ ಮಾಡಿಸಿ ತರಲು ವಾರ ಹಿಡಿಯುತ್ತದೆ.

ಕಾಳಜಿ ಕೇಂದ್ರದ ಲೆಕ್ಕ

ಮನೆ ಬಿಟ್ಟು ಬಂದವರನ್ನು ಇರಿಸುವ ಕಾಳಜಿ ಕೇಂದ್ರಕ್ಕೆ 500 ಜನ, 200 ದನ ಬಂದರು ಎನ್ನೋಣ. ಒಬ್ಬರಿಗೆ ಮೂರೂವರೆ ಚದರ ಮೀಟರ್ ಜಾಗ ಎಂಬುದು ಎಲ್ಲೆಡೆ ಒಪ್ಪಿದ ಅಳತೆ. 40 ಚದರ ಮೀಟರಿನ ತರಗತಿ ಕೋಣೆಗೆ ಹನ್ನೊಂದು ಜನ, 500 ಜನಕ್ಕೆ ನಲವತ್ತಾರು ಕೋಣೆ. ನಮ್ಮಲ್ಲಿ ಒಂದು ಕೋಣೆಗೆ ಮೂವತ್ತು ಜನರನ್ನು ತುಂಬುತ್ತೇವೆ, ಒಂದೆರಡು ರಾತ್ರಿ ಅದು ನಡೆಯುತ್ತದೆ, ಮೂರನೇ ದಿನಕ್ಕೆ ಕೆಮ್ಮು, ವಾಂತಿ, ಜಗಳ ಶುರು. 2021ರ ಜುಲೈನಲ್ಲಿ ಘಟಪ್ರಭೆ ಮತ್ತೆ ಏರಿ ಲೋಳಸೂರ ಸೇತುವೆ ಮುಳುಗಿದಾಗ ಮೇಲೆ ಕೊರೊನಾ ಬೇರೆ ಇತ್ತು, ಆಗ ಈ ಮೂವತ್ತರ ಲೆಕ್ಕ ಎಷ್ಟು ಅಪಾಯದ್ದೆಂದು ಬಿಡಿಸಿ ಹೇಳಬೇಕಾಗಲಿಲ್ಲ.

ಶೌಚಾಲಯ ಶುರುವಿಗೆ 50 ಜನಕ್ಕೆ ಒಂದು, ಅಂದರೆ ಹತ್ತು. ವಾರ ದಾಟಿದರೆ 20 ಜನಕ್ಕೆ ಒಂದು. ಶಾಲೆಯಲ್ಲಿ ಇರುವುದು ನಾಲ್ಕು, ಅದರಲ್ಲಿ ಎರಡಕ್ಕೆ ಕೀಲಿ. ಹೆಂಗಸರಿಗೆ ಮೂರು ಪಾಲು, ಗಂಡಸರಿಗೆ ಒಂದು ಪಾಲು, ಬಾಗಿಲ ಮುಂದೆ ಬಲ್ಬು. ಬೆಳಕಿಲ್ಲದ ಶೌಚಾಲಯ ಇದ್ದರೂ ಇಲ್ಲದ ಹಾಗೆ.

ನೀರು ತಲಾ 15 ಲೀಟರ್, ಜನರಿಗೆ ದಿನಕ್ಕೆ 7,500. ದನಕ್ಕೆ ತಲಾ 40 ಲೀಟರ್, 8,000. ಜನರಿಗಿಂತ ದನಕ್ಕೇ ಹೆಚ್ಚು ಬೇಕು ಎಂಬುದನ್ನು ಲೆಕ್ಕ ಹಾಕದೆ ಒಂದೇ ಟ್ಯಾಂಕರ್ ಗೊತ್ತು ಮಾಡಿದರೆ ಮಧ್ಯಾಹ್ನದೊಳಗೆ ಖಾಲಿ. ಒಣ ಕಣಿಕೆ ದನಕ್ಕೆ ಆರು ಕೆ.ಜಿ. ಹಿಡಿದರೂ ದಿನಕ್ಕೆ 1,200 ಕೆ.ಜಿ., ಅದೂ ತೋಯದ ಮೇವು, ಎಲ್ಲೆಡೆ ಬಣವೆಗಳು ತೇಲಿಹೋದ ವಾರದಲ್ಲಿ.

ಊಟಕ್ಕೆ ಅಕ್ಕಿ ತಲಾ 400 ಗ್ರಾಂ, ಒಟ್ಟು ಎರಡು ಕ್ವಿಂಟಲ್, ಬೇಳೆ 30 ಕೆ.ಜಿ. ಆದರೆ ಜೋಳ ಉಂಡು ಬೆಳೆದ ಮಂದಿಗೆ ಮೂರು ಹೊತ್ತೂ ಅನ್ನ–ಸಾಂಬಾರು ಹಾಕಿದರೆ ಎರಡನೇ ದಿನಕ್ಕೆ ಬೇಸರ, ಸಕ್ಕರೆ ಕಾಯಿಲೆಯವರಿಗೆ ತೊಂದರೆ. ಹಿಟ್ಟು, ಹಂಚು, ಒಲೆ ಕೊಟ್ಟರೆ ಅಲ್ಲಿನ ಹೆಣ್ಣುಮಕ್ಕಳೇ ರೊಟ್ಟಿ ಬಡಿಯುತ್ತಾರೆ. ಕೈಗೆ ಕೆಲಸವೂ ಆಯಿತು, ಗುತ್ತಿಗೆದಾರನ ಬಿಲ್ಲೂ ಇಳಿಯಿತು.

ನೋಂದಣಿ ಪುಸ್ತಕವನ್ನು ಹಗುರವಾಗಿ ನೋಡಬೇಡಿ. ಯಾರು ಯಾವ ಮನೆಯಿಂದ ಎಷ್ಟು ಹೊತ್ತಿಗೆ ಬಂದರು, ಯಾವಾಗ ಹೋದರು ಎಂಬ ಆ ಪುಸ್ತಕವೇ ನಾಳೆ ಪರಿಹಾರಕ್ಕೆ ಸಾಕ್ಷಿ. ಬೀಗರ ಮನೆಗೆ ಹೋದವರು ಅದರಲ್ಲಿ ಬರುವುದಿಲ್ಲ, ‘ಕೇಂದ್ರಕ್ಕೆ ಬಂದೇ ಇಲ್ಲ, ಸಂತ್ರಸ್ತರಲ್ಲ’ ಎಂದು ಅವರ ಅರ್ಜಿ ಬೀಳುತ್ತದೆ. ಅವರಿಗೊಂದು ಬೇರೆ ಹಾಳೆ ಮೊದಲ ದಿನವೇ ತೆರೆಯಬೇಕು.

ನೀರು ಇಳಿದ ಮೇಲೆ

ನಗರಸಭೆಯ ಅಸಲಿ ಕೆಲಸ ಶುರುವಾಗುವುದು ಇಲ್ಲಿ. ಸೈನ್ಯ, ಬೋಟು, ಕ್ಯಾಮೆರಾ ಎಲ್ಲ ಹೊರಟುಹೋಗಿರುತ್ತವೆ. ಉಳಿಯುವುದು ರಾಡಿ. ಬಹಳಷ್ಟು ಯೋಜನೆಗಳಲ್ಲಿ ಈ ಭಾಗಕ್ಕೆ ‘ಸ್ವಚ್ಛತಾ ಕಾರ್ಯ ಕೈಗೊಳ್ಳುವುದು’ ಎಂಬ ಒಂದೇ ಸಾಲು ಇರುತ್ತದೆ.

ಆ ಸಾಲನ್ನು ಬಿಡಿಸಿ ನೋಡೋಣ. 400 ಚದರ ಅಡಿಯ ಮನೆಯಲ್ಲಿ ನಾಲ್ಕು ಇಂಚು ಹೂಳು ಕೂತರೆ 3.8 ಘನ ಮೀಟರ್. ಟ್ರ್ಯಾಕ್ಟರ್ ಟ್ರಾಲಿ ಒಂದಕ್ಕೆ 100 ಘನ ಅಡಿ, ಎಂದರೆ 2.8 ಘನ ಮೀಟರ್. ಹೂಳೇ ಒಂದೂಕಾಲು ಟ್ರಾಲಿಗೂ ಮೇಲೆ, ಮೇಲೆ ತೋಯ್ದ ಗಾದಿ, ಕೊಳೆತ ಜೋಳ, ಮುರಿದ ಕಪಾಟು. ಮನೆಗೆ ಎರಡು ಟ್ರಾಲಿ ಹಿಡಿಯಿರಿ. ಸಾವಿರ ಮನೆಗೆ 2,000 ಖೇಪು. ಒಂದು ಟ್ರ್ಯಾಕ್ಟರ್ ದಿನಕ್ಕೆ ಆರು ಖೇಪು ಹೊಡೆದರೆ ಇಪ್ಪತ್ತು ಟ್ರ್ಯಾಕ್ಟರಿಗೆ ಹದಿನೇಳು ದಿನ. ಅಷ್ಟರಲ್ಲಿ ಬಿಸಿಲು ಬಿದ್ದು ಹೂಳು ಗಟ್ಟಿಯಾಗುತ್ತದೆ, ಸಲಿಕೆ ಹೋಗಿ ಗುದ್ದಲಿ ಬೇಕಾಗುತ್ತದೆ. ಮೊದಲ ನಾಲ್ಕು ದಿನ ಹಸಿಯಿರುವಾಗಲೇ ಮನೆಯಿಂದ ಬೀದಿಗೆ ತಳ್ಳಿಸಿಬಿಡಬೇಕು, ಬೀದಿಯಿಂದ ಎತ್ತುವುದು ಆಮೇಲಾದರೂ ನಡೆಯುತ್ತದೆ.

ಇಪ್ಪತ್ತು ಟ್ರ್ಯಾಕ್ಟರ್ ಎಲ್ಲಿಂದ? ಕಬ್ಬಿನ ಸೀಮೆ, ಆಗಸ್ಟಿನಲ್ಲಿ ಕಟಾವು ಇರುವುದಿಲ್ಲ, ಟ್ರಾಲಿಗಳು ಖಾಲಿ ನಿಂತಿರುತ್ತವೆ. ಮಾಲೀಕರು ಬರಲು ಹಿಂಜರಿಯುವುದು ಬಾಡಿಗೆಯ ಕಾರಣಕ್ಕೆ, ಹಿಂದಿನ ಬಿಲ್ಲೇ ಬಂದಿರುವುದಿಲ್ಲ. ಮೇ ತಿಂಗಳಲ್ಲಿ ದರ ನಿಗದಿ ಮಾಡಿ, ಪ್ರತಿ ಖೇಪಿಗೆ ಚೀಟಿ, ಚೀಟಿಯಲ್ಲಿ ಗಲ್ಲಿ, ಹೊತ್ತು, ಆರೋಗ್ಯ ನಿರೀಕ್ಷಕರ ಸಹಿ ಎಂದು ಗೊತ್ತು ಮಾಡಿಟ್ಟರೆ ಬಿಲ್ಲು ಲೆಕ್ಕ ಪರಿಶೋಧನೆಯಲ್ಲಿ ಸಿಕ್ಕಿಬೀಳುವುದಿಲ್ಲ. ಕಲಂ 50 ಟೆಂಡರಿನಿಂದ ವಿನಾಯ್ತಿ ಕೊಡುತ್ತದೆ, ಲೆಕ್ಕದಿಂದ ಕೊಡುವುದಿಲ್ಲ.

ಜೆಸಿಬಿ ಎಲ್ಲದಕ್ಕೂ ಮದ್ದು ಎಂದುಕೊಳ್ಳುವವರು ಹಳೆ ಗೋಕಾಕದ ಗಲ್ಲಿ ನೋಡಬೇಕು. ಯಂತ್ರ ಏಳಡಿಗೂ ಅಗಲ, ಏಳೆಂಟು ಟನ್ ತೂಕ. ನುಗ್ಗಿದರೆ ಗಟಾರದ ಹಾಸುಗಲ್ಲು ಒಡೆದು ಹೂಳು ಅದರೊಳಗೇ ಇಳಿಯುತ್ತದೆ, ತೋಯ್ದ ಮಣ್ಣಿನ ಗೋಡೆ ಅದುರಿ ಬೀಳುತ್ತದೆ. ಅಲ್ಲಿ ಕೈಗಾಡಿ ಮತ್ತು ಜನವೇ ಗತಿ. ಪೌರಕಾರ್ಮಿಕರು 700 ಜನಸಂಖ್ಯೆಗೆ ಒಬ್ಬರು ಎಂಬುದು ರಾಜ್ಯದ ಅಳತೆ. 2011ರ ಗಣತಿಯಂತೆ 79 ಸಾವಿರದಷ್ಟು ಜನ ಇರುವ ಊರಿಗೆ ಎಲ್ಲ ಹುದ್ದೆ ತುಂಬಿದರೂ ನೂರಾ ಹದಿಮೂರು. ಅವರಲ್ಲೂ ಕೆಲವರ ಮನೆ ತಗ್ಗಿನಲ್ಲೇ ಇರುತ್ತದೆ, ಅವರ ಮನೆ ಮೊದಲು ಬಳಿಸಿಕೊಡದೆ ಊರು ಬಳಿ ಅನ್ನುವುದು ತಪ್ಪು. ಗಂಬೂಟು, ಕೈಗವಸು, ಟಿಟಿ ಇಂಜೆಕ್ಷನ್ ಕೆಲಸಕ್ಕೆ ಇಳಿಸುವ ಮುಂಚೆ. ಇಲಿಜ್ವರ ತಡೆಗೆ ಡಾಕ್ಸಿಸೈಕ್ಲಿನ್ ಯಾರಿಗೆ, ಎಷ್ಟು ಎಂಬುದನ್ನು ತಾಲ್ಲೂಕು ಆರೋಗ್ಯಾಧಿಕಾರಿ ಹೇಳಬೇಕು, ಕೇಳುವುದು ನಗರಸಭೆಯ ಕೆಲಸ.

ಇನ್ನು ಬ್ಲೀಚಿಂಗ್ ಪುಡಿ. ಮಂತ್ರಿಗಳು ಬರುವ ದಿನ ರಸ್ತೆಯ ಎರಡೂ ಬದಿಗೆ ಎಳೆಯುವ ಬಿಳಿ ಗೆರೆಯಿಂದ ಒಂದು ಸೊಳ್ಳೆಯೂ ಸಾಯುವುದಿಲ್ಲ. ಆ ಚೀಲಗಳು ಬಾವಿಗೆ, ಟ್ಯಾಂಕಿಗೆ ಹೋಗಬೇಕು. ಮೂರು ಮೀಟರ್ ಅಗಲದ ಬಾವಿಯಲ್ಲಿ ಐದು ಮೀಟರ್ ನೀರಿದ್ದರೆ 35 ಸಾವಿರ ಲೀಟರ್. ಲೀಟರಿಗೆ ಐದು ಮಿಲಿಗ್ರಾಂ ಕ್ಲೋರಿನ್ ಲೆಕ್ಕದಲ್ಲಿ 175 ಗ್ರಾಂ ಕ್ಲೋರಿನ್. ಪುಡಿಯಲ್ಲಿ ಶೇ 25 ಕ್ಲೋರಿನ್ ಇದ್ದರೆ 700 ಗ್ರಾಂ ಪುಡಿ. ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಸುರಿಯಬೇಕು. ಅರ್ಧ ಗಂಟೆ ಬಿಟ್ಟು ಪರೀಕ್ಷೆ ಮಾಡಿದರೆ ನೆರೆಯ ದಿನಗಳಲ್ಲಿ ಲೀಟರಿಗೆ ಅರ್ಧ ಮಿಲಿಗ್ರಾಂ ಉಳಿದಿರಬೇಕು. ಹೊಸ ಪುಡಿಯಲ್ಲಿ ಶೇ 33ರವರೆಗೆ ಇರುತ್ತದೆ, ಗೋದಾಮಿನ ತೇವದಲ್ಲಿ ಒಂದು ಮಳೆಗಾಲ ಕಳೆದರೆ ಅರ್ಧವೂ ಉಳಿಯದಿರಬಹುದು. ಚೀಲದ ಮೇಲಿನ ಅಂಕಿ ನಂಬಿ ಹಾಕಿದರೆ ಲೆಕ್ಕವೆಲ್ಲ ಸುಳ್ಳು.

ಪೈಪಿನ ನೀರು ಮೊದಲ ದಿನ ಬಿಟ್ಟಾಗ ಮನೆಗಳಿಗೆ ಹೋಗಕೂಡದು. ಒತ್ತಡ ಇಲ್ಲದ ದಿನಗಳಲ್ಲಿ ಪ್ರತಿ ಸೋರುವ ಜೋಡಣೆಯೂ ಗಟಾರದ ನೀರನ್ನು ಒಳಕ್ಕೆ ಎಳೆದುಕೊಂಡಿರುತ್ತದೆ. ಪೈಪಿನ ಕೊನೆಯಲ್ಲಿ ಕೊಳೆ ನೀರು ಹೊರಬಿಡುವ ವಾಶ್‌ಔಟ್ ವಾಲ್ವ್ ಬಿಚ್ಚಿ ತಿಳಿ ನೀರು ಬರುವವರೆಗೆ ಹೊರಗೆ ಬಿಡಬೇಕು.

ಸಮೀಕ್ಷೆ

ದುಡ್ಡಿನ ತಕರಾರು ಹುಟ್ಟುವುದು ಇಲ್ಲಿ. ಆಗ ಕೇಂದ್ರದ ಮಾರ್ಗಸೂಚಿಯಂತೆ ಬಟ್ಟೆ–ಪಾತ್ರೆಗೆ 3,800 ರೂಪಾಯಿ, ಪೂರ್ತಿ ಬಿದ್ದ ಮನೆಗೆ 95,100. ರಾಜ್ಯ ಸರಕಾರ ಅದನ್ನು 10 ಸಾವಿರ ಮತ್ತು 5 ಲಕ್ಷಕ್ಕೆ ಏರಿಸಿತು, ಭಾಗಶಃ ಹಾನಿಗೆ 1 ಲಕ್ಷ ಎಂದಿತು. ಒಳ್ಳೆಯದೇ. ಆದರೆ ಶೇ 75ಕ್ಕಿಂತ ಹೆಚ್ಚು ಹಾನಿಯಾದರೆ ಪೂರ್ತಿ ಬಿದ್ದಂತೆ ಲೆಕ್ಕ; ಆ ಗೆರೆಯ ಆಚೆ–ಈಚೆ ಲಕ್ಷಗಟ್ಟಲೆ ಅಂತರ ಬಂದ ಮೇಲೆ ಶೇ 74 ಎಂದು ಬರೆಯುವ ಎಂಜಿನಿಯರಿನ ಪಾಡು ಯಾರಿಗೂ ಬೇಡ.

ಅದಕ್ಕಿಂತ ಮುಖ್ಯವಾದದ್ದು ಮಣ್ಣಿನ ಗೋಡೆಯ ನಡತೆ. ನೀರಿನಲ್ಲಿ ನಿಂತಿರುವಾಗ ಒಳಗಿನ, ಹೊರಗಿನ ನೀರಿನ ಒತ್ತಡ ಒಂದಕ್ಕೊಂದು ಸರಿದೂಗಿ ಗೋಡೆ ನಿಂತಿರುವುದುಂಟು. ನೀರು ಇಳಿದು, ಬುಡ ಮೆತ್ತಗಿದ್ದು, ಮೇಲಿನಿಂದ ಒಣಗುತ್ತ ಬಿರುಕು ಬಿಟ್ಟು, ವಾರವೋ ಎರಡು ವಾರವೋ ಕಳೆದು ಅದು ಬೀಳುತ್ತದೆ. ಅವಸರದಲ್ಲಿ ಮೂರನೇ ದಿನ ಸಮೀಕ್ಷೆ ಮುಗಿಸಿದರೆ ‘ಸ್ವಲ್ಪ ಹಾನಿ’ ಎಂದು ಬರೆದ ಮನೆ ಹತ್ತನೇ ದಿನ ನೆಲಸಮ, ಪಟ್ಟಿ ಆಗಲೇ ಮುಚ್ಚಿದೆ. ಎರಡು ಸುತ್ತು ಬೇಕು: ಮೊದಲನೆಯದು ತುರ್ತು ನೆರವಿಗೆ, ಎರಡನೆಯದು ಮೂರು ವಾರದ ನಂತರ ಮನೆಯ ವರ್ಗ ತೀರ್ಮಾನಿಸಲು. ನಡುವೆ ಆ ಮನೆಗಳಲ್ಲಿ ಯಾರೂ ಮಲಗದ ಹಾಗೆ ಬಾಗಿಲಿಗೆ ಕೆಂಪು ಗುರುತು.

ಬಾಡಿಗೆಯವರು, ಹಕ್ಕುಪತ್ರ ಇಲ್ಲದವರು, ಒಂದೇ ಸೂರಿನಡಿ ಎರಡು ಒಲೆಯ ಅಣ್ಣತಮ್ಮಂದಿರು ಇವರದ್ದೆಲ್ಲ ಮುಂಚೆಯೇ ತೀರ್ಮಾನವಾಗಬೇಕಾದ ಪ್ರಶ್ನೆ. ಸಾಮಾನು ಕಳೆದುಕೊಂಡವರು ಬಾಡಿಗೆಯವರು, ಗೋಡೆ ಕಳೆದುಕೊಂಡವರು ಮಾಲೀಕರು. ಎರಡು ಅರ್ಜಿ, ಎರಡು ಹೆಸರು ಎಂದು ಮೊದಲೇ ಹೇಳಿದರೆ ಬಾಗಿಲ ಮುಂದೆ ಹೊಡೆದಾಟ ನಡೆಯುವುದಿಲ್ಲ.

ಬಗೆಹರಿಯದೆ ಉಳಿದದ್ದು

2024ರ ಜುಲೈನಲ್ಲೂ ಘಟಪ್ರಭೆ ಲೋಳಸೂರ ಸೇತುವೆಯ ಮೇಲೆ ಹರಿದಳು. ಸೇತುವೆ ಎತ್ತರಿಸುವುದು ನಗರಸಭೆಯ ಕೈಯಲ್ಲಿಲ್ಲ, ಹಿಡಕಲ್ ಗೇಟೂ ಇಲ್ಲ. ತಗ್ಗಿನ ಗಲ್ಲಿಗಳನ್ನು ಸ್ಥಳಾಂತರಿಸುವ ಮಾತು ಪ್ರತಿ ಸಲ ಎದ್ದು ಪ್ರತಿ ಸಲ ಕೂರುತ್ತದೆ. ಪೇಟೆ ಪಕ್ಕದಲ್ಲಿ ದುಡಿಯುವವರಿಗೆ ಊರಾಚೆಯ ನಿವೇಶನ ಕೊಟ್ಟರೆ ಹೋಗಿಬರುವ ಆಟೊ ಬಾಡಿಗೆಗೇ ದಿನಗೂಲಿಯ ಒಂದು ಪಾಲು ಹೋಗುತ್ತದೆ, ಅವರು ಮರಳಿ ಬರುತ್ತಾರೆ. ನಗರಸಭೆಯ ಕೈಯಲ್ಲಿ ಇರುವುದು ಸಣ್ಣದು: ನೀರು ಏರುವ ಮುಂಚೆ ಸೇತುವೆಯ ಕಂಬಗಳಿಗೆ ಸಿಕ್ಕಿಕೊಳ್ಳುವ ಬೊಡ್ಡೆ, ಅಂತರಗಂಗೆ ಎತ್ತಿಸಲು ದಂಡೆಯ ಮೇಲೆ ಒಂದು ಯಂತ್ರ ನಿಲ್ಲಿಸುವುದು, ಕಂಬದ ಮೇಲಿನ ಮಟ್ಟದ ಗುರುತುಗಳಿಗೆ ಪ್ರತಿ ಮೇನಲ್ಲಿ ಹೊಸ ಬಣ್ಣ ಹೊಡೆಸುವುದು, ರಾತ್ರಿ ಅದನ್ನು ಓದಲು ಬೆಳಕು ಹಾಕಿಸುವುದು, ಮತ್ತು ಕಟ್ಟಡ ಪರವಾನಗಿಗೆ ಬಂದ ಪ್ರತಿ ನಕ್ಷೆಯಲ್ಲೂ 2019ರ ಗೆರೆಗಿಂತ ನೆಲಗಟ್ಟು ಎಷ್ಟು ಮೇಲಿದೆ ಎಂದು ಕೇಳುವುದು.